ಮುಚ್ಚಳ ಬಿಚ್ಚಿದ ಮೇಲೆ

2025ರ ಜನವರಿ 18, ಶನಿವಾರ, ಬೆಳಗ್ಗೆ 11 ಗಂಟೆ 10 ನಿಮಿಷ. ಹೊಳೆನರಸೀಪುರದಲ್ಲಿ ದೇವರಾಜುವಿನ ಅಂಗಡಿಯ ಮೇಜಿನ ಮೇಲೆ ಮಾನಸಾ ಮರ ಕೊಯ್ಯುವ ಯಂತ್ರವೊಂದನ್ನು ಗೋಣಿಚೀಲದಿಂದ ತೆಗೆದು ಇಟ್ಟಳು. ಇಟ್ಟಳು ಅನ್ನುವುದಕ್ಕಿಂತ ಕುಕ್ಕಿದಳು.

"ಮೆಲ್ಲಗೆ ಕಣಕ್ಕಾ," ಎಂದ ದೇವರಾಜು. "ಮಿಷಿನ್ ಮ್ಯಾಲೆ ಏನಷ್ಟು ಸಿಟ್ಟು?"

"ಇದು ಬಂದಮೇಲೆ ನಮ್ಮನೆ ಹಾಳಾಯ್ತು. ಇನ್ನು ಮನೇಲಿ ಇಟ್ಕೊಳಲ್ಲ."

ದೇವರಾಜುವಿನದು ಹಳೆಯ ಕೃಷಿ ಯಂತ್ರಗಳನ್ನು ಕೊಂಡು ಮಾರುವ ಅಂಗಡಿ. ಗಂಡನ ಮೇಲಿನ ಕೋಪಕ್ಕೆ ಗಂಡನ ಯಂತ್ರ ಮಾರಲು ಬರುವ ಹೆಂಗಸರನ್ನು ಅವನು ಮೊದಲೂ ನೋಡಿದ್ದ. ಅಂಥವರು ಹೆಚ್ಚು ಚೌಕಾಸಿ ಮಾಡುವುದಿಲ್ಲ.

"ಯಜಮಾನ್ರು ಎಲ್ಲಿ?"

"ಆಟೋದಲ್ಲಿದಾರೆ. ಇಳಿಯೋಕಾಗಲ್ಲ."

ರಸ್ತೆಯಾಚೆ ಪರದೆ ಇಳಿಬಿಟ್ಟ ಆಟೋ ನಿಂತಿತ್ತು. ದೇವರಾಜು ಹೆಬ್ಬೆರಳನ್ನು ಬಾಯಿಯ ಬಳಿ ಎತ್ತಿ ತೋರಿಸಿದ. "ಒತ್ತಾರೆಗೇ ಇಂಗಾ?"

ಮಾನಸಾ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಬೆಂಚಿನ ಮೇಲೆ ಕುಳಿತಿದ್ದ ಲಕ್ಕಯ್ಯ ನಕ್ಕುಬಿಟ್ಟ. ಅವನು ನುಗ್ಗೇಹಳ್ಳಿಯ ತೆಂಗಿನ ತೋಟದವನು. ಗೋಡೆಗೆ ಸಾಲಾಗಿ ನೇತುಹಾಕಿದ್ದ ಯಂತ್ರಗಳಲ್ಲಿ ಒಂದನ್ನು ಆರಿಸಿ, ತೊಡೆಯ ಮೇಲಿಟ್ಟುಕೊಂಡು, ಬೆಲೆ ಇಳಿಯಲೆಂದು ಕಾಯುತ್ತಿದ್ದ. ಸಾಲಿನವೂ ಮೇಜಿನ ಮೇಲಿದ್ದದ್ದೂ ನೋಡಲು ಒಂದೇ ತರಹ.

ಮಲ್ಲಿಪಟ್ಟಣದಿಂದ ಹೊರಟಾಗಲೇ ಮಾನಸಾ ನಿರ್ಧರಿಸಿದ್ದಳು: ಸೇಡು ತೀರದೆ ಹಿಂತಿರುಗುವುದಿಲ್ಲ. ಬೈಗುಳ, ಹೊಡೆತ ಅವಳಿಗೆ ಬೇಕಿರಲಿಲ್ಲ. ತನ್ನ ಬಾಳು ಕೆಡಿಸಿದವನ ಮುಖ ನಾಲ್ಕು ಜನರ ಮುಂದೆ ಕಪ್ಪಿಡಬೇಕು, ಅಷ್ಟೇ. ಅವನು ದೂರವೇನೂ ಇರಲಿಲ್ಲ.

"ಏನೇನು ಕೆಟ್ಟಿದೆ ಎಲ್ಲಾ ಬಾಯಿಬಿಟ್ಟು ಹೇಳಿ ಅಣ್ಣ," ಎಂದಳು. "ನೀವು ಹೇಳಿದ ಬೆಲೆಗೇ ಕೊಟ್ಟು ಹೋಗ್ತೀನಿ."

ಕೊಳ್ಳುವಾಗ ಮಾಲನ್ನು ಹೀಗಳೆಯುವುದು ಈ ವ್ಯಾಪಾರದ ಮೊದಲ ಪಾಠ. ಅದರಲ್ಲಿ ದೇವರಾಜುವನ್ನು ಮೀರಿಸುವವರಿರಲಿಲ್ಲ. ಸ್ಟಾರ್ಟ್ ಮಾಡುವ ಹಗ್ಗದ ಹಿಡಿಕೆಯಿಂದ ಯಂತ್ರವನ್ನು ಗಾಳಿಯಲ್ಲಿ ತೂಗಿಬಿಟ್ಟ. ಅದು ತಡೆತಡೆದು ಕೆಳಗಿಳಿಯಿತು. ಅಂದರೆ ಇಂಜಿನ್ ಇನ್ನೂ ಗಟ್ಟಿಮುಟ್ಟಾಗಿತ್ತು. ಆ ಮಾತು ಮಾತ್ರ ಅವನು ಹೇಳಲಿಲ್ಲ.

"ಚೈನು ಓಡೋ ಬಾರ್ ಸವೆದೈತೆ. ಚೈನು ಅತ್ಲಾಗಿತ್ಲಾಗೆ ವಾಲ್ತದೆ ನೋಡಿ. ಅಲ್ಲು ಅರೆದೂ ಅರೆದೂ ಮುಗ್ದೋಗವೆ."

"ಇನ್ನೂ?"

"ಇನ್ನೂ ಬೇಕಾ?" ದೇವರಾಜು ಲಕ್ಕಯ್ಯನತ್ತ ಕಣ್ಣು ಹೊಡೆದ. "ಗಂಡನ ಮ್ಯಾಲೆ ಸ್ಯಾನೆ ಪಿರೂತಿ ಕಣಣ್ಣೋ."

ಮಾನಸಾ ಬ್ಯುರೆಟ್ಟಿನಿಂದ ಹನಿ ಬಿದ್ದು ದ್ರಾವಣದ ಬಣ್ಣ ಬದಲಾಗುವುದನ್ನು ಕಾಯುವವಳ ಹಾಗೆ ನಿಂತಿದ್ದಳು. ಕಾಲೇಜಿನ ಲ್ಯಾಬಿನಲ್ಲಿ ಕಲಿತ ತಾಳ್ಮೆ ಅದು.

ದೇವರಾಜು ಮುಂದಿನ ಬ್ರೇಕಿನ ಹಿಡಿಯನ್ನು ತಳ್ಳಿದ. ಕಟ್ ಎಂದು ಸದ್ದು ಬಂತು. ಚೈನನ್ನು ಕೈಯಿಂದ ಎಳೆದ. ಅಲುಗದೆ ನಿಲ್ಲಬೇಕಿದ್ದದ್ದು ಸಲೀಸಾಗಿ ತಿರುಗಿತು. ಹುಬ್ಬೇರಿಸಿ, ಪಕ್ಕದ ಮುಚ್ಚಳದ ನಟ್ಟು ಬಿಚ್ಚಿದ. ಒಳಗೆ ನೋಡಿದವನ ಮುಖ ಅರಳಿತು. ಬೆಲೆ ಅರ್ಧಕ್ಕೆ ಇಳಿಸುವ ದೋಷ ಸಿಕ್ಕಿತ್ತು.

"ಬನ್ನಿ ಲಕ್ಕಣ್ಣ, ನೀವೂ ನೋಡಿ. ಮಿಷಿನ್ ಎಗರಿದ್ರೆ ಚೈನನ್ನ ಇಡಿದು ನಿಲ್ಸಕ್ಕೆ ಇಲ್ಲೊಂದು ಉಕ್ಕಿನ ಪಟ್ಟಿ ಇರ್ಬೇಕು. ಇಲ್ಲ! ಸ್ಪ್ರಿಂಗ್ ಮಾತ್ರ ಬುಟ್ಟವ್ರೆ, ಕಟ್ ಅಂತ ಸದ್ದು ಬರ್ಲಿ ಅಂತ. ಸದ್ದು ಬಂದ್ರೆ ಬ್ರೇಕೈತೆ ಅನ್ಕೋತಾರೆ ಕೊಳ್ಳೋ ಬಡ್ಡೆತ್ತವು."

"ನಮ್ಮೆಜಮಾನ್ರು ಕಳೆದುಹಾಕಿರಬೇಕು," ಎಂದಳು ಮಾನಸಾ.

"ಚೆ, ಅವ್ರಲ್ಲ. ಪಟ್ಟಿ ಉಜ್ಜಿದ್ರೆ ಚೈನು ತಿರುಗ್ಸೋ ಈ ಡ್ರಮ್ಮು ಒಳೀಬೇಕು. ಕಪ್ಪಗೆ ಮಸಿ ಇಡ್ದೈತೆ ನೋಡಿ. ನಿಮ್ಮನೆಗೆ ಬರಾಕೆ ಮುಂಚೇನೇ ಕಿತ್ತವ್ರೆ. ಸವೆದ ಪಟ್ಟಿ ಬದ್ಲಾಯ್ಸೋ ಬದ್ಲು ಕಿತ್ತೆಸೆದು ಮುಚ್ಚಳ ಆಕವ್ರೆ."

"ಮಾರಿದವರಿಗೆ ಗೊತ್ತಿಲ್ಲದೆ ಆಗಿರಬಹುದಾ?"

"ಗೊತ್ತಿಲ್ದೆ ಎಂಗಾಯ್ತದೆ? ಸೆಕೆಂಡ್ ಹ್ಯಾಂಡ್ ವ್ಯಾಪಾರದೋನು ಮೊದ್ಲು ಬಿಚ್ಚಾದೇ ಈ ಮುಚ್ಚಳ. ಬಿಚ್ಚೇ ಇಲ್ಲ ಅಂದ್ರೆ ಅವ್ನು ಸುಳ್ಳ. ಎಲ್ಲಿ ತಗಂಡಿದ್ದು? ಚನ್ನರಾಯಪಟ್ಟಣದ ಮಾಲು ತಾನೇ?"

"ತಗೊಂಡವರು ಅವರು. ಅವರನ್ನೇ ಕೇಳೋಣ. ಇದರಿಂದ ಯಾರಿಗಾದರೂ ಏಟಾಗಿದ್ದರೆ?"

"ಮಾರಿದೋನೇ ವಣೆ. ಬ್ಯಾರೆ ಮಾತೇ ಇಲ್ಲ." ದೇವರಾಜು ಲಕ್ಕಯ್ಯನಿಗೆ ಕೇಳಲೆಂದೇ ದನಿ ಏರಿಸಿದ. "ಅಂಥೋನ್ನ ಬಜಾರ್‌ನಾಗೆ ನಿಲ್ಸಿ ಮಕ್ಕೆ ಉಗೀಬೇಕು. ಎಲ್ಲಿ ಬೇಕಾದ್ರೂ ಬಂದು ಏಳ್ತೀನಿ ನಾನು."

"ಎಲ್ಲೂ ಬರೋದು ಬೇಡ ಅಣ್ಣ," ಎಂದು ಮಾನಸಾ ರಸ್ತೆ ದಾಟಿ ಆಟೋದ ಪರದೆ ಸರಿಸಿದಳು.

ಊರುಗೋಲು ಮೊದಲು ಹೊರಬಂತು, ಆಮೇಲೆ ಅವಳ ಗಂಡ ಶಶಿಕುಮಾರ್. ದೇವರಾಜುವಿನ ಕೈಯಿಂದ ಸ್ಪ್ಯಾನರ್ ಜಾರಿತು. ಕಳೆದ ವರ್ಷ ಇದೇ ಮೇಜಿನ ಮೇಲಿಂದ ಇದೇ ಯಂತ್ರವನ್ನು ಎತ್ತಿ ಅವನ ಕೈಗೆ ಕೊಟ್ಟವನು ತಾನೇ. ಆಸ್ಪತ್ರೆಯಿಂದ ಅವನು ಫೋನ್ ಮಾಡಿದಾಗ, "ಒಳಗಡೇದು ನಂಗೇನು ಗೊತ್ತು, ಮುಚ್ಚಳ ಬಿಚ್ಚೇ ಇಲ್ಲ" ಎಂದವನೂ ತಾನೇ. ಲಕ್ಕಯ್ಯ ಒಮ್ಮೆ ಆ ಮುಖ ನೋಡಿದ, ಒಮ್ಮೆ ಈ ಮುಖ ನೋಡಿದ. ತೊಡೆಯ ಮೇಲಿದ್ದ ಯಂತ್ರವನ್ನು ಮೇಜಿಗೆ ತಂದಿಟ್ಟು, "ಇದ್ರದ್ದೂ ಮುಚ್ಚಳ ಬಿಚ್ಚು ಕಣ್ಲಾ ದೇವರಾಜ," ಎಂದ.

ಶಶಿಕುಮಾರ್ ಕುಡಿದಿರಲಿಲ್ಲ. ಎಡ ಮೊಣಕಾಲಿನ ಕೆಳಗೆ ಅವನಿಗೆ ಉಳಿದಿರುವುದು ಹನ್ನೊಂದು ಸೆಂಟಿಮೀಟರ್.