ತಿಮಿಂಗಿಲ ಹಾಲೂಡಿಸಿದವನು

ಪಕ್ಕದ ಮನೆಯ ದುಃಖವನ್ನು ಹೇಳುವ ಅರ್ಹತೆ ನನಗಿಲ್ಲ, ಕ್ಷಮಿಸಿ.

ಬೇಟೆಯ ಹಡಗು ಒಡೆದಾಗ ನೀರಿಗೆ ಬಿದ್ದವರಲ್ಲಿ ಪಕ್ಕದ ಮನೆಯ ಶೀನನೊಬ್ಬನನ್ನೇ ತಿಮಿಂಗಿಲವೊಂದು ಹಾಲೂಡಿಸಿ ಬದುಕಿಸಿತು. ಹಡಗು ಒಡೆಯುವ ಮುಂಚೆ ಅದರ ಮರಿಯನ್ನು ಈಟಿ ಎಸೆದು ಕೊಂದವನೂ ಅವನೇ. ಹಾಗೆ ಬದುಕಿಸಿದವರನ್ನು ತಿಮಿಂಗಿಲಗಳು ಸಂಜೆ ದಡದ ಹತ್ತಿರ ಬಂದು ಕರೆಯುವುದು ನಮ್ಮೂರಲ್ಲಿ ಮಾಮೂಲು. ಹೋದವರು ಪ್ರತಿಸಲವೂ ಇನ್ನಷ್ಟು ತಡವಾಗಿ ಮರಳುತ್ತಾರೆ; ಕೊನೆಗೊಮ್ಮೆ ಮರಳುವುದೇ ಇಲ್ಲ.

ನಿನ್ನೆಯೂ ಕರೆ ಕೇಳಿತು.

“ಇವತ್ತ್ ಹೋಪುದ್ ಬ್ಯಾಡ ಮಗಾ, ಗಂಜಿ ಬಡ್ಸಿದ್ದೆ,” ಎಂದು ತಾಯಿ ಅಕ್ಕಣಿ ಬಾಗಿಲಿಗೆ ಅಡ್ಡ ನಿಂತಳು.

“ನಾ ಹೋಗ್ದಿದ್ರೆ ಅದ್ ದಡ ಹತ್ತಿ ಸಾಯತ್ತ್, ಅಬ್ಬಿ.”

ಅಕ್ಕಣಿ ಆ ಕೂಗನ್ನು ಸ್ವಲ್ಪ ಹೊತ್ತು ಕೇಳಿದಳು. ಎರಡು ಗುಟುಕು ಗಂಜಿಯನ್ನು ತಾನೇ ಕುಡಿಸಿ, “ಅಲ್ಲೇ ಹೊಟ್ಟಿ ತುಂಬ್ಸ್ಕಂಬೇಡ,” ಎಂದು ದಾರಿ ಬಿಟ್ಟಳು.

ಇವತ್ತು ಮಧ್ಯಾಹ್ನವಾದರೂ ಶೀನ ಬಂದಿಲ್ಲ. ಮರಿಯನ್ನು ಕೊಂದವನು ಅವನೆಂದು ಆ ತಿಮಿಂಗಿಲಕ್ಕೆ ತಿಳಿದಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.