ಮುಂದಿನ ಹಲ್ಲು

ನೀರಿನ ಧಾರೆ ಒಸಡಿಗೆ ತಗುಲಿದ್ದೇ ತಡ, ಮೇಲಿನ ಮುಂದಿನ ಹಲ್ಲು ಅಲುಗಿತು. ಕ್ಲಾರಿನೆಟ್ ವಾದಕ ಹಲ್ಲಿನ ಸಂದಿಗೆ ನೀರು ಚಿಮ್ಮಿಸುವ ವಾಟರ್ ಫ್ಲಾಸರನ್ನು ಥಟ್ಟನೆ ನಿಲ್ಲಿಸಿದ. ನಾಡಿದ್ದು ವಾದ್ಯತಂಡದ ಜೊತೆ ದೂರದ ಪ್ರವಾಸ. ಊರಲ್ಲಿರಲಿ, ದಾರಿಯಲ್ಲಿರಲಿ, ಹಲ್ಲಿನ ಸಂದಿ ದಿನಾ ತೊಳೆಯಲೇಬೇಕೆಂದು ಡಾಕ್ಟರು ಹೇಳಿದ್ದರಿಂದ ಗಂಡ ಹೆಂಡತಿ ಕ್ಲಿನಿಕ್ಕಿನಲ್ಲೇ ಮಾರಾಟಕ್ಕಿಟ್ಟಿದ್ದ ಫ್ಲಾಸರುಗಳನ್ನು ಒಂದೊಂದಾಗಿ ಬಳಸಿ ನೋಡುತ್ತಿದ್ದರು.

“ಚಿಕ್ಕದು ಬ್ಯಾಗಲ್ಲಿ ಹಿಡಿಯುತ್ತೆ, ಆದ್ರೆ ಅರ್ಧ ಬಾಯಿಗೇ ನೀರು ಖಾಲಿ ಕಣ್ರೀ,” ಎಂದಳು ಹೆಂಡತಿ ಹಿಂದಿನಿಂದ. “ನಿಮ್ಮ ಕೈಲಿರೋದು ಫೋನ್ ಚಾರ್ಜರಲ್ಲೇ ಚಾರ್ಜ್ ಆಗುತ್ತಂತೆ. ಹೇಗಿದೆ?”

ಅವನು ಬೇಸಿನ್ನಿನ ಮೇಲೆ ಬಗ್ಗಿ, ಹಲ್ಲನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒಳಕ್ಕೆ ಒತ್ತಿದ. ಅದು ಬುಡಸಮೇತ ಅಂಗೈಗೆ ಬಂತು. ಒಂದಿಷ್ಟೂ ನೋಯಲಿಲ್ಲ, ಅದಕ್ಕೇ ಅವನಿಗೆ ಇನ್ನಷ್ಟು ಭಯವಾಯಿತು. ಇಷ್ಟು ವರ್ಷ ಕ್ಲಾರಿನೆಟ್ಟಿನ ಊದುವ ತುದಿ ಆನಿಕೊಂಡಿದ್ದು ಆ ಹಲ್ಲಿಗೇ. ತುಟಿ ಮಡಚಿ ಉಸಿರು ಬಿಟ್ಟು ನೋಡಿದ. ಸಂದಿನಿಂದ ಗಾಳಿ ಬುಸ್ಸೆಂದು ಸೋರಿತು.

“ಏನ್ರೀ, ಮಾತಾಡ್ರೀ! ಇದನ್ನೇ ಪ್ಯಾಕ್ ಮಾಡಿಸ್ಲಾ? ಆಮೇಲೆ ನೀವು ಎಲ್ಲಿಗೆ ಹೋದ್ರೂ ನಂಗೆ ಚಿಂತೆ ಇಲ್ಲ.”

ಅವನು ಹಲ್ಲನ್ನು ಮುಷ್ಟಿಯೊಳಗೆ ಬಚ್ಚಿಟ್ಟು, ತುಟಿ ಬಿಗಿಹಿಡಿದು, ಆಗಲಿ ಎಂದು ತಲೆಯಾಡಿಸಿದ.