ಸೆರಗಿನ ಕೊಂಡಿ

ಹೊಸ ಸೀರೆಯ ಗಂಜಿ ವಾಸನೆ ಬಂದರೆ ರಬಕವಿಯ ನಮ್ಮ ಮನೆಯ ಒಂದು ಮಧ್ಯಾಹ್ನ ಇಂದಿಗೂ ನೆನಪಾಗುತ್ತದೆ.

ಆಗ ನಮ್ಮದು ಮುಂಬಯಿ ರಾಜ್ಯ. ಭಾಷೆ ನೋಡಿ ರಾಜ್ಯಗಳನ್ನು ಹೊಸದಾಗಿ ಹಂಚುತ್ತಾರೆಂದು ಊರೆಲ್ಲ ಮಾತಾಡುತ್ತಿತ್ತು. ಅದೇ ಹೊತ್ತಿಗೆ ನನ್ನ ಸೋದರತ್ತೆ ಗಂಗವ್ವನಿಗೆ ಮಿರಜದಿಂದ ಸಂಬಂಧ ಬಂದಿತ್ತು. ಹುಡುಗ ಅತ್ತೆಗೆ ಒಪ್ಪಿಗೆಯಾಗಿದ್ದ. ಅಜ್ಜ ಮಾತ್ರ ಹೂಂ ಅಂದಿರಲಿಲ್ಲ.

ಅತ್ತೆ ಮಗ್ಗದ ಮುಂದೆ ಕುಳಿತು ಪೇಟೆಗೆ ಹೋಗಬೇಕಾದ ಸೀರೆಯೊಂದಕ್ಕೆ ಕೊಂಡಿ ಹಾಕುತ್ತಿದ್ದಳು. ಸೀರೆಯ ಮೈಭಾಗದ ಹತ್ತಿ ಎಳೆಯನ್ನು ಸೆರಗಿನ ಕೆಂಪು ರೇಷ್ಮೆ ಎಳೆಗೆ ಒಂದೊಂದಾಗಿ ಸಿಕ್ಕಿಸುವ ಕೆಲಸ ಅದು.

“ನಾಳೆ ಮಿರಜ ಬ್ಯಾರೆ ರಾಜ್ಯಕ್ಕ ಹೋದ್ರ? ಅಲ್ಲಿ ಎಲ್ಲಾ ಮರಾಠಿ. ಹುಡುಗಿ ಪರದೇಶಿ ಆಗ್ತಾಳ,” ಎಂದ ಅಜ್ಜ.

ಅತ್ತೆಯ ಬೆರಳು ನಿಂತವು.

ಜೋಳ ಹಸನು ಮಾಡುತ್ತಿದ್ದ ಅಜ್ಜಿ ಮೊರ ಕೆಳಗಿಟ್ಟಳು. “ನಾನೂ ಮಿರಜದಾಕಿನ ಅಲ್ಲೇನ್ರಿ? ನನ್ನ ಲಗ್ನದಾಗ ಅದು ಬ್ಯಾರೆ ಸಂಸ್ಥಾನ. ಹಂಗ ನೋಡಿದ್ರ ಮಗ್ಗಲದ ಬನಹಟ್ಟೀನೂ ಬ್ಯಾರೆ ಸಂಸ್ಥಾನನ ಇತ್ತು.”

“ನಿನಗ ಆಗ ಕನ್ನಡ ಬರ್ತಿರಲಿಲ್ಲ. ಬಾಯೇ ಬಿಡ್ತಿರಲಿಲ್ಲ.”

“ಈಗ ಮುಚ್ಚಂಗಿಲ್ಲ ಅಂತ ನೀವ ಊರ ತುಂಬ ಹೇಳ್ತೀರಿ.”

ಅಜ್ಜ ಎದ್ದು ಮಗ್ಗದ ಹತ್ತಿರ ಬಂದು, ಹತ್ತಿ ಮುಗಿದು ರೇಷ್ಮೆ ಶುರುವಾಗುವ ಕಡೆ ಎಳೆಗಳನ್ನು ಹಿಡಿದು ಜಗ್ಗಿ ನೋಡಿದ.

“ಬಿಗಿ ಹಾಕವ್ವಾ,” ಎಂದ. “ಈ ಸೀರಿ ಪ್ಯಾಟಿಗೆ ಹೋಗೂದಿಲ್ಲ. ಮಿರಜದಾಗ ಉಡಾಕಿ ನೀನ.”